ದಿಬ್ಬದ ನೆತ್ತಿಯಿಂದ ಹಾರುವ ಕಾರನ್ನು ಕ್ಷೇಮವಾಗಿ ಇಳಿಸುವ ಬಗೆ

ರ‍್ಯಾಲಿಯಲ್ಲಿ ದಿಬ್ಬ ಹಾರುವ ಕಾರು ಹೇಗೆ ಇಳಿಯುತ್ತದೆ ಎಂಬುದು ಚಕ್ರಗಳು ನೆಲ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಗಂಟೆಗೆ 90 ಕಿ.ಮೀ. ವೇಗದ ಕಾರು ಅರ್ಧ ಸೆಕೆಂಡು ಗಾಳಿಯಲ್ಲಿದ್ದರೂ 12 ಮೀಟರಿಗಿಂತ ಹೆಚ್ಚು ದೂರ ಸಾಗಿಬಿಡುತ್ತದೆ, ಅಷ್ಟು ದೂರವೂ ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಆದ್ದರಿಂದ ರೋಲ್ ಕೇಜ್ (ಕಾರು ಮಗುಚಿದರೂ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟು) ಮತ್ತು ಸಂಪ್ ಗಾರ್ಡ್ (ಎಂಜಿನ್ನಿನ ತಳ ಕಾಯುವ ಗಟ್ಟಿ ತಗಡು) ಇರುವ ಕಾರಿನಲ್ಲಿ, ಸಂಚಾರ ಮುಚ್ಚಿದ ಜಾಗದಲ್ಲಿ, ಅನುಭವಿಗಳ ಸಮ್ಮುಖದಲ್ಲಿಯೇ ಇದನ್ನು ಕಲಿಯಬೇಕು. ಮಣಿಪಾಲ, ಕಾರ್ಕಳ ಕಡೆಯ ಏರಿಳಿತದ ರಸ್ತೆಗಳು ಎಷ್ಟೇ ಆಸೆ ಹುಟ್ಟಿಸಿದರೂ ಅಲ್ಲಿ ಪ್ರಯತ್ನಿಸಲೇಬಾರದು. ಏರಿನ ಆಚೆ ಬಸ್ಸು ನಿಂತಿದೆಯೋ, ಶಾಲೆ ಬಿಟ್ಟ ಮಕ್ಕಳು ನಡೆದು ಬರುತ್ತಿದ್ದಾರೆಯೋ ಚಾಲಕನಿಗೆ ಕಾಣುವುದಿಲ್ಲ.

ಅಭ್ಯಾಸದ ದಿನ ಮೊದಲು ಕಾರಿನಿಂದ ಇಳಿದು, ನಡೆದೇ ದಿಬ್ಬ ದಾಟಿ ನೋಡಿ. ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ಹಿಂದೆ ಹಾರಿದ ಕಾರುಗಳ ಸಂಪ್ ಗಾರ್ಡ್ ಉಜ್ಜಿದ ಗೀರುಗಳು ಹಸಿ ಕೆಂಪಾಗಿ ಎದ್ದು ಕಾಣುತ್ತವೆ. ಅವುಗಳ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರೆ, ಕಾರುಗಳು ಎಲ್ಲಿ ನೆಲ ಮುಟ್ಟಿವೆ, ಯಾವ ಬದಿಗೆ ವಾಲಿವೆ, ಮುಂದಿನ ತಿರುವಿಗೆ ಎಷ್ಟು ಜಾಗ ಉಳಿದಿದೆ ಎಂಬುದೆಲ್ಲ ತಿಳಿಯುತ್ತದೆ. ದಿಬ್ಬದ ಬೆನ್ನಿನ ಬಾಗೂ ಮುಖ್ಯ: ಅದರ ತ್ರಿಜ್ಯ 60 ಮೀಟರ್ ಇದ್ದರೆ ಗಂಟೆಗೆ ಸುಮಾರು 87 ಕಿ.ಮೀ. ದಾಟಿದೊಡನೆ ಕಾರು ನೆಲ ಬಿಡುತ್ತದೆ, ಬಾಗು ಇನ್ನೂ ಮೊನಚಾಗಿದ್ದರೆ ಅದಕ್ಕಿಂತ ಕಡಿಮೆ ವೇಗವೇ ಸಾಕು. ಇದನ್ನೆಲ್ಲ ಪೇಸ್ ನೋಟ್ಸ್‌ನಲ್ಲಿ, ಅಂದರೆ ಓಟದಲ್ಲಿ ಸಹಚಾಲಕರು ಓದಿ ಹೇಳುವ ದಾರಿಯ ಟಿಪ್ಪಣಿಯಲ್ಲಿ, ಬರೆದುಕೊಳ್ಳಿ.

ಹೆಚ್ಚಿನ ಹೊಸಬರು ಎಡವುವುದು ಬ್ರೇಕಿನಲ್ಲಿ. ನೆತ್ತಿಯ ಮೇಲೆ ಬ್ರೇಕ್ ಒತ್ತಿದರೆ ಮುಂದಿನ ಸ್ಪ್ರಿಂಗ್‌ಗಳು ಅದುಮಿ ಮೂತಿ ಕೆಳಗಾಗುತ್ತದೆ. ಕಾರು ಅದೇ ಭಂಗಿಯಲ್ಲಿ ಹಾರಿ, ರೇಡಿಯೇಟರ್ ಇರುವ ಮುಂಭಾಗವನ್ನೇ ನೆಲಕ್ಕೆ ಬಡಿಯುತ್ತದೆ. ಬೇಕಾದಷ್ಟು ವೇಗವನ್ನು ಏರಿನಲ್ಲೇ ಇಳಿಸಿಕೊಂಡು, ಬ್ರೇಕ್ ಪೆಡಲ್ ಪೂರ್ತಿ ಬಿಟ್ಟು, ಮೂತಿ ಸಮಕ್ಕೆ ಬಂದ ಮೇಲೆ, ಚಕ್ರಗಳನ್ನು ನೇರವಾಗಿಟ್ಟು, ಹಗುರವಾದ ಒಂದೇ ಸಮನೆಯ ಆಕ್ಸಿಲರೇಟರ್‌ನಲ್ಲಿ ನೆತ್ತಿ ದಾಟಬೇಕು. ಆಚೆ ರಸ್ತೆ ಎತ್ತ ಹೋಗುತ್ತದೆಯೋ ಅತ್ತ ಕಾರಿನ ಮುಖ ಈಚೆಯೇ ತಿರುಗಿರಬೇಕು.

ಗಾಳಿಯಲ್ಲಿ ಉಳಿಯುವ ಅಲ್ಪ ಹಿಡಿತವೆಂದರೆ ತಿರುಗುತ್ತಿರುವ ಚಕ್ರಗಳದ್ದು: ಬ್ರೇಕ್ ಒತ್ತಿದರೆ ಮೂತಿ ಬಾಗುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಏಳುತ್ತದೆ. ಇದನ್ನು ಬಲ್ಲವರಿಗೇ ಬಿಡುವುದು ಒಳಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಇಳಿದರೆ ಆ ಹೊಡೆತವೆಲ್ಲ ಗೇರ್‌ಬಾಕ್ಸ್ ಮತ್ತು ಡ್ರೈವ್ ಶಾಫ್ಟ್‌ಗೆ ತಾಗುತ್ತದೆ. ಬೆಲ್ಟ್ ಬಿಗಿಯಾಗಿರಲಿ, ಬೆನ್ನು ಸೀಟಿಗೆ ಒತ್ತಿರಲಿ, ಸ್ಟೀರಿಂಗ್‌ನ ಒಳಕ್ಕೆ ಹೆಬ್ಬೆರಳು ಸಿಕ್ಕಿಸಬೇಡಿ. ನೋಟ್ಸ್ ಓದುತ್ತ ತಲೆ ಬಗ್ಗಿಸಿರುವ ಸಹಚಾಲಕರ ಬೆನ್ನುಮೂಳೆಗೆ ಅಪಾಯ ಹೆಚ್ಚು, ಹಾರುವ ಕ್ಷಣಕ್ಕೆ ಅವರೂ ತಲೆಯೆತ್ತಿ ಸೀಟಿಗೆ ಒರಗಿರಬೇಕು.

ನೆಲ ಮುಟ್ಟಿದ ಮೇಲೆ ಸಸ್ಪೆನ್ಷನ್ ಒಮ್ಮೆ ಅದುಮಿ ಏಳುವವರೆಗೆ ತಿರುವಿಗೂ ಬ್ರೇಕಿಗೂ ಕೈಹಾಕಬೇಡಿ. ಓಟ ಮುಗಿದೊಡನೆ ಬಾನೆಟ್ ತೆರೆದು, ಸ್ಟ್ರಟ್‌ನ (ಚಕ್ರದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಕಂಬದ) ಮೇಲ್ತುದಿಯ ನಟ್ಟಿನ ಸುತ್ತಲಿನ ತಗಡು ಉಬ್ಬಿದೆಯೋ, ಬಣ್ಣ ಬಿರಿದಿದೆಯೋ ಎಂದು ಬೆರಳಾಡಿಸಿ ನೋಡಿ. ಕೆಳಗೆ ಎಣ್ಣೆಯ ಹನಿ ಕಂಡರೆ ಆ ಕಾರನ್ನು ಅಂದು ಮತ್ತೆ ಹಾರಿಸಬೇಡಿ.