ರೂಟ್ 66: ಹಳೇ ರಸ್ತೆ ಹಿಡಿದು ಹೋಗೋದು ಹೇಗೆ?

ರೂಟ್ 66 ಅಂದರೆ ಅಮೆರಿಕದ ಷಿಕಾಗೋದಿಂದ ಕ್ಯಾಲಿಫೋರ್ನಿಯಾ ಕಡಲತೀರದ ಸಾಂಟಾ ಮೋನಿಕಾಗೆ ಹೋಗುತ್ತಿದ್ದ ಹಳೇ ಹೆದ್ದಾರಿ. ಈಗ ಷಿಕಾಗೋದಿಂದ ಸಾಂಟಾ ಮೋನಿಕಾಗೆ ಅಂತ ಫೋನಿನ ಮ್ಯಾಪಿಗೆ ಹಾಕಿದರೆ ಅದು ಇಂಟರ್‌ಸ್ಟೇಟ್ ಅನ್ನುವ ದೊಡ್ಡ ಹೊಸ ಹೆದ್ದಾರಿಗಳಿಗೇ ಹತ್ತಿಸುತ್ತದೆ. ರೂಟ್ 66 ಹಾಗೆ ಸಿಗುವುದಿಲ್ಲ. 1985ರ ಜೂನ್ 27ರಂದು ಆ ನಂಬರನ್ನೇ ಹೆದ್ದಾರಿ ಪಟ್ಟಿಯಿಂದ ತೆಗೆದರು. ಆದರೆ ರಸ್ತೆ ಎಲ್ಲಿಗೂ ಹೋಗಿಲ್ಲ, ಎಂಟು ರಾಜ್ಯಗಳಲ್ಲಿ ತುಂಡು ತುಂಡಾಗಿ ಇನ್ನೂ ಇದೆ.

ಮೊದಲು ಯಾವ ಕಾಲದ ರಸ್ತೆ ಬೇಕು ಅಂತ ನಿರ್ಧರಿಸಿ. 1926ರಲ್ಲಿ ಇದನ್ನು ಹೊಸದಾಗಿ ಕಟ್ಟಲಿಲ್ಲ. ಆಗಲೇ ಇದ್ದ ಊರೂರಿನ ದಾರಿಗಳನ್ನು ಜೋಡಿಸಿ ನಂಬರ್ ಕೊಟ್ಟರು. ಒಕ್ಲಹೋಮಾದ ಟಲ್ಸಾ ಊರಿನ, ಹೆದ್ದಾರಿ ಯೋಜನೆಯಲ್ಲಿದ್ದ ಸೈರಸ್ ಏವರಿ ಪಟ್ಟು ಹಿಡಿದಿದ್ದರಿಂದ ದಾರಿ ಆ ರಾಜ್ಯದ ಮೇಲೆ ಹಾಯಿತು. ಆಮೇಲೆ ಅಂಕುಡೊಂಕು ತೆಗೆದು ನೇರ ಮಾಡುತ್ತಾ ಹೋದರು, ಪೂರ್ತಿ ಪಕ್ಕಾ ರಸ್ತೆಯಾಗಲು 1938 ಆಯಿತು. ಹಾಗಾಗಿ ಒಂದೇ ಊರಿಗೆ ಎರಡು ಮೂರು "ಹಳೇ 66" ಇರುತ್ತವೆ. ನ್ಯೂ ಮೆಕ್ಸಿಕೋದಲ್ಲಿ 1937ರವರೆಗೆ ಸಾಂಟಾ ಫೇ ಸುತ್ತಿಕೊಂಡು ಹೋಗುತ್ತಿತ್ತು, ನಂತರ ಅದನ್ನು ಬಿಟ್ಟು ನೇರ ಆಲ್ಬುಕರ್ಕಿಗೆ. ಎಲ್ಲ ಕಡೆ 1938ರ ನಂತರದ್ದು ಹಿಡಿಯಿರಿ, ಸಾಂಟಾ ಫೇಗೆ ಮಾತ್ರ ಹಳೇ ಸುತ್ತು ಹಾಕಿ ಅಂತ ನನ್ನ ಸಲಹೆ.

ಇನ್ನು ಫೋನು. ಹೈವೇ ಬೇಡ ಅನ್ನುವ ಆಯ್ಕೆ ಆನ್ ಮಾಡಿ, ಸಣ್ಣ ಊರುಗಳನ್ನೇ ಒಂದರ ಹಿಂದೆ ಒಂದು ಹಾಕಿ: ಪಾಂಟಿಯಾಕ್, ಸ್ಪ್ರಿಂಗ್‌ಫೀಲ್ಡ್, ಸೇಂಟ್ ಲೂಯಿಸ್, ಜಾಪ್ಲಿನ್, ಗಲೀನಾ, ಹೀಗೆ. ಗಲೀನಾ ಇರುವ ಕಾನ್ಸಸ್ ರಾಜ್ಯದಲ್ಲಿ 66 ಇರುವುದೇ ಸುಮಾರು 21 ಕಿಲೋಮೀಟರ್, ಒಂದು ಊರು ಬಿಟ್ಟರೂ ಇಡೀ ರಾಜ್ಯವೇ ತಪ್ಪಿಹೋಗುತ್ತದೆ. ಬಯಲಿನಲ್ಲಿ ಗುರುತು ಹಿಡಿಯೋದು ಸುಲಭ: ಇಂಟರ್‌ಸ್ಟೇಟ್ ಪಕ್ಕದ ಸರ್ವಿಸ್ ರಸ್ತೆ, ಅದರ ಜೊತೆಗೆ ರೈಲು ಹಳಿ ಕಂಡರೆ ಬಹುಮಟ್ಟಿಗೆ ಅದೇ ಹಳೇ 66. ಕಂದು ಬಣ್ಣದ ಬೋರ್ಡುಗಳೂ ಅಲ್ಲಲ್ಲಿ ಇವೆ.

ರಜೆ ಕಡಿಮೆ ಇದ್ದರೆ ಪೂರ್ತಿ 3,900 ಕಿಲೋಮೀಟರ್ ಓಡಿಸಲು ಹೋಗಬೇಡಿ, ದಾರಿಯಲ್ಲಿ ಏನೂ ನೋಡಿದ ಹಾಗಾಗುವುದಿಲ್ಲ. ಅರಿಜೋನಾ ಒಂದನ್ನೇ ಮಾಡಿ. ಸೆಲಿಗ್ಮನ್‌ನಿಂದ ಕಿಂಗ್ಮನ್, ಅಲ್ಲಿಂದ ಸಿಟ್‌ಗ್ರೀವ್ಸ್ ಘಾಟಿ ಹತ್ತಿ ಓಟ್ಮನ್ ಮೇಲೆ ಟೊಪಾಕ್‌ವರೆಗೆ ಸುಮಾರು 250 ಕಿಲೋಮೀಟರ್ ಹಳೇ ರಸ್ತೆ ಬಹುತೇಕ ಕಡಿಯದೆ ಉಳಿದಿದೆ. 1956ರ ಹೆದ್ದಾರಿ ಕಾನೂನಿನಿಂದ ಇಂಟರ್‌ಸ್ಟೇಟುಗಳು ಬಂದು ಒಂದೊಂದೇ ಊರನ್ನು ಪಕ್ಕಕ್ಕೆ ತಳ್ಳುತ್ತಾ ಹೋದವು, 1978ರಲ್ಲಿ ಸೆಲಿಗ್ಮನ್ ಸರದಿ ಬಂತು, ಊರಿನ ವ್ಯಾಪಾರವೇ ನಿಂತುಹೋಯಿತು. ಅಲ್ಲಿನ ಕ್ಷೌರಿಕ ಏಂಜಲ್ ಡೆಲ್ಗಡಿಯೋ ಸುಮ್ನೆ ಕೂರಲಿಲ್ಲ, ಅಕ್ಕಪಕ್ಕದ ಊರಿನವರನ್ನು ಸೇರಿಸಿ ಸಂಘ ಕಟ್ಟಿ, 1987ರಲ್ಲಿ ರಾಜ್ಯದಿಂದ ಈ ರಸ್ತೆಗೆ ಚಾರಿತ್ರಿಕ ಮಾನ್ಯತೆ ಕೊಡಿಸಿದರು. ನಾವು ಇವತ್ತು ಅಲ್ಲಿ ಓಡಾಡುವುದರ ಹಿಂದೆ ಇಂಥವರ ಹಟ ಇದೆ. ಆದ್ದರಿಂದ ಊಟ, ರಾತ್ರಿ ತಂಗೋದು ಎಲ್ಲ ಆ ಊರುಗಳಲ್ಲೇ ಮಾಡಿ. ಎಷ್ಟೋ ಹಳೇ ಮೋಟೆಲುಗಳನ್ನು ಈಗ ಗುಜರಾತಿ ಕುಟುಂಬಗಳು ನಡೆಸುತ್ತಿವೆ. ಓಟ್ಮನ್ ಘಾಟಿಯಲ್ಲಿ 40 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ, ಊರೊಳಗೆ ಕತ್ತೆಗಳು ನಡುರಸ್ತೆಯಲ್ಲೇ ನಿಂತಿರುತ್ತವೆ, ನಿಧಾನ.

ಬೆಳಿಗ್ಗೆ ಬೇಗ ಹೊರಡಿ. ಪಶ್ಚಿಮಕ್ಕೆ ಹೋಗುವಾಗ ಸಂಜೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ ಅಲ್ವಾ. ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯದು. ಭಾರತದಿಂದ ಬರುವವರು ಇಲ್ಲಿನ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಬಾಡಿಗೆ ಕಾರನ್ನು ಬೇರೆ ಊರಿನಲ್ಲಿ ಬಿಟ್ಟರೆ ಜಾಸ್ತಿ ದುಡ್ಡು ಕೇಳುತ್ತಾರೆ, ಮೊದಲೇ ವಿಚಾರಿಸಿ.

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಗೆ ಇಳಿಯುವ ಮುಂಚೆ ಟ್ಯಾಂಕ್ ತುಂಬಿಸಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಅಲ್ಲಿ ಮಳೆ ನೀರು ನುಗ್ಗಿ ಹಳೇ ಮರದ ಸೇತುವೆಗಳು ಹಾಳಾಗುತ್ತವೆ, ಆಗ ರಸ್ತೆ ಮುಚ್ಚುತ್ತಾರೆ. ಸ್ಯಾನ್ ಬರ್ನಾರ್ಡಿನೋ ಕೌಂಟಿಯ ರಸ್ತೆ ಮಾಹಿತಿ ಹಿಂದಿನ ದಿನವೇ ನೋಡಿ. ಕೊನೆಗೆ ಸಾಂಟಾ ಮೋನಿಕಾದಲ್ಲಿ ಎಲ್ಲರೂ ಕಡಲ ಕಟ್ಟೆಯ ಮೇಲೆ 66 ಇಲ್ಲಿಗೆ ಮುಗಿಯಿತು ಅನ್ನುವ ಬೋರ್ಡಿಗೆ ಓಡುತ್ತಾರೆ. ಹೆದ್ದಾರಿ ನಿಜವಾಗಿ ಮುಗಿಯುತ್ತಿದ್ದದ್ದು ಲಿಂಕನ್ ಮತ್ತು ಒಲಿಂಪಿಕ್ ಬೂಲೆವಾರ್ಡ್ ಸೇರುವ ಕಡೆ. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಕಡಲಿಗೆ.