ಮ್ಯಾಗಝೀನ್ ಓದ್ತಾ ತೇಜಸ್ವಿನ ಪತ್ತೆ ಹಚ್ಚೋದು ಹೆಂಗೆ

ತುಮಕೂರಲ್ಲಿ ನಮ್ಮ ಏರಿಯಾ ಕಟಿಂಗ್ ಶಾಪಲ್ಲಿ ಸುಧಾ, ಮಯೂರ ರಾಶಿ ಬಿದ್ದಿರ್ತವೆ, ನನ್ನ ಸರದಿ ಬರೋ ತನಕ ತಿರುವಿ ಹಾಕ್ತಾ ಹಾಕ್ತಾ ಒಂದು ಚಟ ಅಂಟ್ಕೊಂಡ್ಬಿಡ್ತು, ಯಾರು ಎಲ್ಲಿ ಹೆಸರು ಹೇಳ್ದೇನೇ ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿನ, ಅಂದ್ರೆ ಅವರ ಪುಸ್ತಕದ ಮಾತನ್ನ, ತಂದು ಕೂರಿಸಿದಾರೆ ಅಂತ ಹುಡುಕೋದು.

ಮೊದಲು ಹೆಡ್ಡಿಂಗ್ ನೋಡಿ, ಆದ್ರೆ ಪೂರ್ತಿ ನಂಬಬೇಡಿ. 'ಚಿದಂಬರ ರಹಸ್ಯ' ಅಂತ ಕಂಡ್ರೆ ಕುಣಿಯೋಕೆ ಹೋಗಬೇಡಿ, ಆ ಹೆಸರಿನ ತೇಜಸ್ವಿ ಕಾದಂಬರಿ ಬಂದಿದ್ದು 1985ರಲ್ಲಿ, ಆ ಮಾತು ಅದಕ್ಕಿಂತ ಎಷ್ಟೋ ಹಳೇದು, ಚಿದಂಬರಂ ದೇವಸ್ಥಾನದಲ್ಲಿ ಪರದೆ ಹಿಂದೆ ಬರೀ ಖಾಲಿ ಜಾಗ ಇದೆಯಲ್ಲ, ಅಲ್ಲಿಂದ ಬಂದಿದ್ದು. ಬಜೆಟ್ ಬಗ್ಗೆ ಬರೆಯೋರೂ ಅದನ್ನೇ ಹಾಕ್ತಾರೆ. ಒಳಗೆಲ್ಲಾದ್ರೂ ಆ ಕಾದಂಬರಿಯ ಏಲಕ್ಕಿನೋ ಕೆಸರೂರು ಅನ್ನೋ ಊರೋ ಇಣುಕಿದ್ರೆ ಮಾತ್ರ ಟಿಕ್ ಹಾಕಿ. ಅವರ ಇನ್ನೊಂದು ಕಾದಂಬರಿ 'ಜುಗಾರಿ ಕ್ರಾಸ್' ಹೆಸರು ಹಂಗಲ್ಲ. ಜುಗಾರಿ ಅನ್ನೋ ಪದ ನಮ್ಮ ಮನೇಲಿ ಯಾರ ಬಾಯಲ್ಲೂ ಇಲ್ಲ, ಜೂಜು ಇಸ್ಪೀಟು ಅಂತೀವಿ, ಜುಗಾರಿ, ಕ್ರಾಸ್ ಎರಡೂ ಒಟ್ಟಿಗೆ ಬಂದ್ರೆ ಬರೆದೋರು ತೇಜಸ್ವಿ ಓದಿದಾರೆ ಅಂತಾನೇ.

ಹಾರುವ ಓತಿ ಇನ್ನೊಂದು ಮೋಸ. ಪಶ್ಚಿಮ ಘಟ್ಟದಲ್ಲಿ ಅದು ನಿಜವಾಗ್ಲೂ ಇದೆ ಕಣ್ರಿ, ಫೋಟೋ ಜೊತೆ ಲೇಖನ ಬಂದ ಮಾತ್ರಕ್ಕೆ ಅದು ಆ ಓತಿನ ಹುಡುಕ್ಕೊಂಡು ಹೋಗೋ, ಕೊನೆಗೆ ಅದು ಕೈ ತಪ್ಪಿ ಹೋಗೋ ತೇಜಸ್ವಿ ಕಾದಂಬರಿ 'ಕರ್ವಾಲೋ' ಆಗಲ್ಲ. ಆದ್ರೆ ಯಾರಾದ್ರೂ ಕೈಗೆ ಸಿಕ್ತು ಅನ್ನೋವಾಗ್ಲೇ ತಪ್ಪಿಸ್ಕೊಂಡಿದ್ದನ್ನ, ಒಂದು ಪ್ರೇಮಾನೋ ಕೆಲಸಾನೋ, ಓತಿ ಅಂತ ಕರೆದ್ರೆ ಅದು ಪಕ್ಕಾ.

ನಂಗೆ ಖುಷಿ ಕೊಡೋದು ಇನ್ನೂ ಸಣ್ಣ ಸುಳಿವು. ಒಂದ್ಸಲ ಹಾವು ಹಿಡಿಯೋ ಹುಡುಗನ ಬಗ್ಗೆ ಲೇಖನ ಓದ್ತಿದ್ದೆ, ಊರೋರೆಲ್ಲ ಅವನನ್ನ ದಡ್ಡ ಅಂತಿದ್ರಂತೆ, ಕೊನೆಗೆ 'ಈ ಮಂದಣ್ಣನಿಗೆ ಯಾರೂ ಸಿಗಲಿಲ್ಲ' ಅಂತ ಒಂದೇ ಸಾಲು. ಹುಡುಗನ ಹೆಸರು ಮಂದಣ್ಣ ಅಲ್ವೇ ಅಲ್ಲ! ಮಂದಣ್ಣ 'ಕರ್ವಾಲೋ'ದಲ್ಲಿ ಊರೋರು ದಡ್ಡ ಅನ್ನೋ ಹುಡುಗ, ಅವನ ಬೆಲೆ ಗೊತ್ತಾಗಿದ್ದು ವಿಜ್ಞಾನಿ ಕರ್ವಾಲೋಗೆ. ಹಿಂಗೆ ಕಾದಂಬರಿ ಓದದೇ ಇರೋರಿಗೆ ಸಾಲು ಎಡವಿದಂಗೆ ಅನ್ನಿಸಿದ್ರೆ ಅಲ್ಲೇ ನಿಂತು ನೋಡಿ.

ಸಿಕ್ಕಿದ್ದನ್ನ ಸಂಚಿಕೆ, ತಿಂಗಳು, ಪುಟದ ಸಮೇತ ಬರ್ಕೊಳಿ, ಆಮೇಲೆ ಪುಸ್ತಕ ತೆಗೆದು ತಾಳೆ ಹಾಕಿ. ನಾನು ತಾಳೆ ಹಾಕದೇ ಕೆಟ್ಟೆ. 'ಅವಸರವೂ ಸಾವಧಾನದ ಬೆನ್ನೇರಿದೆ' ಅಂತ ಯಾರೋ ಟ್ರಾಫಿಕ್ ಬಗ್ಗೆ ಬರೆದಿದ್ದನ್ನ ತೇಜಸ್ವಿ ಲೆಕ್ಕಕ್ಕೆ ಬರ್ಕೊಂಡಿದ್ದೆ, ಅದು ಕುವೆಂಪು ಅವರ 1967ರ 'ಮಲೆಗಳಲ್ಲಿ ಮದುಮಗಳು' ಶುರುವಲ್ಲಿರೋದು. ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರು ನೋಟ್‌ಬುಕ್ ನೋಡಿ, "ಅಪ್ಪನ ದುಡ್ಡು ಮಗನ ಖಾತೆಗೆ ಜಮಾ ಮಾಡಿದ್ದೀಯಲ್ಲಯ್ಯ" ಅಂದ್ರು. ಈಗ ಕುವೆಂಪುಗೆ ಬೇರೇನೇ ಒಂದು ನೋಟ್‌ಬುಕ್ ಇಟ್ಟಿದೀನಿ.