ಮೆಮೊರಿ ಸೋರುತ್ತಿದೆಯೇ? ಲಿನಕ್ಸ್‌ನಲ್ಲಿ ಒಂದು ಪ್ರೋಸೆಸ್ ಮೇಲೆ ದಿನವಿಡೀ ಕಣ್ಣಿಡುವ ಬಗೆ

ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಒಂದು ಮೆಮೊರಿ ನುಂಗುತ್ತಿದೆ ಅಂತ ಅನುಮಾನ ಬಂದರೆ ಎಲ್ಲರೂ ಮೊದಲು ತೆರೆಯುವುದು ಟಾಪ್ ಎಂಬ ಕಮಾಂಡ್. ಅದು ಹೇಳುವುದು ಆ ಕ್ಷಣದ ಲೆಕ್ಕ ಮಾತ್ರ. ಸೋರಿಕೆ, ಅಂದರೆ ಪಡೆದ ಮೆಮೊರಿಯನ್ನು ಪ್ರೋಗ್ರಾಂ ಹಿಂತಿರುಗಿಸದೆ ಇನ್ನಷ್ಟು ಕೇಳುತ್ತ ಹೋಗುವುದು, ಗೊತ್ತಾಗಬೇಕಾದರೆ ಕನಿಷ್ಠ ಒಂದು ಹಗಲು, ಒಂದು ರಾತ್ರಿಯ ದಾಖಲೆ ಬೇಕು.

ಯಾವ ಅಂಕಿ ಬರೆದಿಡಬೇಕು? ವಿಎಸ್‌ಝಡ್ ಬಿಟ್ಟುಬಿಡಿ. ಅದು ಕಾಯ್ದಿರಿಸಿದ ವಿಳಾಸಗಳ ಲೆಕ್ಕ, ಎಷ್ಟು ದೊಡ್ಡದಿದ್ದರೂ ಗಾಬರಿ ಬೇಡ. ರ‍್ಯಾಮ್‌ನಲ್ಲಿ ನಿಜವಾಗಿ ಕೂತಿರುವುದು ಆರ್‌ಎಸ್‌ಎಸ್. ಆದರೆ ಅದರಲ್ಲೂ ಒಂದು ಮೋಸವಿದೆ: ಹಲವು ಪ್ರೋಸೆಸ್‌ಗಳು ಹಂಚಿಕೊಂಡ ಮೆಮೊರಿ ಪುಟಗಳು ಪ್ರತಿಯೊಂದರ ಖಾತೆಯಲ್ಲೂ ಪೂರ್ತಿ ಸೇರುತ್ತವೆ. ಒಂದೇ ಸರ್ವಿಸ್‌ನ ಎಂಟು ವರ್ಕರ್ ಪ್ರೋಸೆಸ್‌ಗಳು ತಲಾ 200 ಎಂಬಿ ತೋರಿಸುತ್ತಿವೆ, ಅದರಲ್ಲಿ 150 ಎಂಬಿ ಎಂಟಕ್ಕೂ ಸೇರಿದ್ದು ಅಂದುಕೊಳ್ಳಿ. ಕೂಡಿದರೆ 1600 ಎಂಬಿ. ನಿಜವಾದ ಖರ್ಚು ಎಂಟು ಸಲ 50, ಜೊತೆಗೆ ಒಂದೇ ಸಲ 150, ಅಂದರೆ 550 ಎಂಬಿ. ಹಂಚಿಕೆಯನ್ನು ಭಾಗಿಸಿ ಕೊಡುವ ಅಂಕಿಯೇ ಪಿಎಸ್‌ಎಸ್. ಕರ್ನಲ್ (ಲಿನಕ್ಸ್‌ನ ತಿರುಳು) 4.14ರಿಂದ ಈಚೆಗೆ ಅದು ಪ್ರೊಕ್ ಡೈರೆಕ್ಟರಿಯೊಳಗೆ, ಆ ಪಿಐಡಿಯ (ಪ್ರೋಸೆಸ್‌ನ ಗುರುತು ಸಂಖ್ಯೆ) ಸ್ಮ್ಯಾಪ್ಸ್-ರೋಲಪ್ ಫೈಲಿನಲ್ಲಿ ಸಿಗುತ್ತದೆ. ಬೇರೆ ಯೂಸರ್‌ನ ಪ್ರೋಸೆಸ್ ಆದರೆ ರೂಟ್ (ಅಡ್ಮಿನ್) ಅಧಿಕಾರ ಬೇಕು. ಇದನ್ನು ಓದಲು ಕರ್ನಲ್ ಪೇಜ್ ಟೇಬಲ್‌ಗಳನ್ನೆಲ್ಲ (ಯಾವ ಪುಟ ಎಲ್ಲಿದೆ ಎಂಬ ಪಟ್ಟಿಗಳು) ಸುತ್ತಿ ಬರಬೇಕು, ಹಾಗಾಗಿ ಸೆಕೆಂಡಿಗೊಮ್ಮೆ ಕೇಳಬೇಡಿ.

ತಕ್ಷಣಕ್ಕೆ ನೋಡಲು ಸಿಸ್‌ಸ್ಟ್ಯಾಟ್ ಪ್ಯಾಕೇಜಿನ ಪಿಡ್‌ಸ್ಟ್ಯಾಟ್ ಸಾಕು: ಹೈಫನ್ ಸಣ್ಣ ಆರ್, ಹೈಫನ್ ಪಿ, ಪಿಐಡಿ, ಕೊನೆಗೆ 60. ನಿಮಿಷಕ್ಕೊಂದು ಸಾಲು, ದಿನಕ್ಕೆ 1440. ಕೊರತೆ ಏನೆಂದರೆ ಇದರಲ್ಲಿ ಸ್ವಾಪ್, ಅಂದರೆ ರ‍್ಯಾಮ್‌ನಿಂದ ಡಿಸ್ಕಿಗೆ ಸರಿಸಿದ ಭಾಗ, ಕಾಣುವುದಿಲ್ಲ. ಆರ್‌ಎಸ್‌ಎಸ್ ಇಳಿದಾಗ ಪ್ರೋಗ್ರಾಂ ಮೆಮೊರಿ ಬಿಟ್ಟುಕೊಟ್ಟಿತೋ, ಕರ್ನಲ್ ಅದನ್ನು ಡಿಸ್ಕಿಗೆ ತಳ್ಳಿತೋ ತಿಳಿಯದು.

ಅದಕ್ಕೇ ಸ್ವಂತ ಶೆಲ್ ಲೂಪ್ ಮೇಲು. ಪ್ರತಿ 60 ಸೆಕೆಂಡಿಗೆ ಪ್ರೊಕ್‌ನಲ್ಲಿ ಆ ಪಿಐಡಿಯ ಸ್ಟೇಟಸ್ ಫೈಲಿನಿಂದ ವಿಎಂ-ಆರ್‌ಎಸ್‌ಎಸ್ ಮತ್ತು ವಿಎಂ-ಸ್ವಾಪ್ ಸಾಲುಗಳನ್ನು ಆಕ್ ಎಂಬ ಕಮಾಂಡ್‌ನಿಂದ ಹೆಕ್ಕಿ, ಸಮಯದ ಜೊತೆ ಸಿಎಸ್‌ವಿ ಫೈಲಿಗೆ ಸೇರಿಸುತ್ತ ಹೋಗಿ. ಟಿಮಕ್ಸ್ (ಟರ್ಮಿನಲ್ ಸೆಷನ್ ಜೀವಂತವಿಡುವ ಪ್ರೋಗ್ರಾಂ) ಒಳಗೆ ಓಡಿಸಿದರೆ ಲಾಗೌಟ್ ಆದರೂ ಸಾಮಾನ್ಯವಾಗಿ ನಿಲ್ಲದು. ಸರ್ವಿಸ್ ರೀಸ್ಟಾರ್ಟ್ ಆದರೆ ಪಿಐಡಿ ಬದಲಾಗುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯಿಂದ ಮೇನ್ ಪಿಐಡಿ ಕೇಳಿ, ಅದನ್ನೂ ಒಂದು ಕಾಲಮ್ಮಿನಲ್ಲಿ ಬರೆಯಿರಿ. ಇಲ್ಲವಾದರೆ ರೀಸ್ಟಾರ್ಟಿನ ಇಳಿತವನ್ನೇ ಸೋರಿಕೆ ನಿಂತಿತು ಅಂತ ಓದುತ್ತೀರಿ.

ಗ್ರಾಫ್ ಹಾಕಿದ ಮೇಲೆ ಶಿಖರ ನೋಡಬೇಡಿ, ತಗ್ಗು ನೋಡಿ. ಲೋಡ್ ಕಡಿಮೆ ಇರುವ ಬೆಳಗಿನ ಜಾವ ಮೂರಕ್ಕೆ ಆರ್‌ಎಸ್‌ಎಸ್ ಮತ್ತು ಸ್ವಾಪ್ ಕೂಡಿದ ಮೊತ್ತ ದಿನದಿನಕ್ಕೆ ಮೇಲೇರುತ್ತಿದ್ದರೆ ಸೋರಿಕೆಯ ಅನುಮಾನ ಗಟ್ಟಿ. ಏರಿ ಒಂದು ಮಟ್ಟದಲ್ಲಿ ನಿಂತರೆ ಅದು ಬಹುಶಃ ಕ್ಯಾಶ್, ಇಲ್ಲವೇ ಜಿಲಿಬ್‌ಸಿ (ಪ್ರೋಗ್ರಾಂಗಳು ಬಳಸುವ ಮೂಲ ಲೈಬ್ರರಿ) ತನ್ನಲ್ಲೇ ಇಟ್ಟುಕೊಂಡ ಖಾಲಿ ಜಾಗ. ಥ್ರೆಡ್‌ಗಳು ಹೆಚ್ಚಿರುವ ಪ್ರೋಗ್ರಾಂನಲ್ಲಿ ಅದರಲ್ಲಿ ಮೆಮೊರಿ ಹಂಚುವ ಮಾಲಾಕ್‌ನ ಅರೇನಾಗಳ (ಮೆಮೊರಿ ಇಟ್ಟುಕೊಳ್ಳುವ ಪ್ರತ್ಯೇಕ ಗುಂಪುಗಳು) ಮಿತಿಯನ್ನು 2ಕ್ಕೆ ಇಳಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ‘ಸೋರಿಕೆ’ ಅಲ್ಲೇ ಮಾಯ.

ಪ್ರೋಸೆಸ್ ಮಧ್ಯದಲ್ಲೇ ಸತ್ತಿದ್ದರೆ ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಕಮಾಂಡ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಹುಡುಕಿ. ಮೆಮೊರಿ ಮುಗಿದಾಗ ತಾನು ಕೊಂದ ಪ್ರೋಸೆಸ್ಸಿನ ಕೊನೆಯ ಆರ್‌ಎಸ್‌ಎಸ್ ಅಂಕಿಯನ್ನು ಕರ್ನಲ್ ಅಲ್ಲೇ ಬರೆದಿರುತ್ತದೆ. ನಿಮ್ಮ ಲೂಪ್ ಆ ಹೊತ್ತಿಗೆ ನಿದ್ದೆಯಲ್ಲಿದ್ದಿರಬಹುದು, ಹಾಗಾಗಿ ಅದನ್ನೂ ಫೈಲಿಗೆ ಸೇರಿಸಿಕೊಳ್ಳಿ.